ಅಪ್ಪನ ಕೋವಿಯ ತುಕ್ಕು

ಮನೆಯಿಂದ,
ಮಾರ್ಚ್ ೧೦, ಸೋಮವಾರ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಕಿಟಕಿ ತೆರೆದು ಮಲಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಗಟ್ಟಿಯಾಗಿದ್ದಾರೆ, ಕಣ್ಣು ಮಾತ್ರ ಈಗ ಪೂರ್ತಿ ಮಂಜು. ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಬೈಯುತ್ತೇನೆ, ಕುಳಿತುಕೊಂಡು ಓದು.

ಹೋದ ವಾರ ಕ್ಲಬ್ಬಿನ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನೀನು ಅಪ್ಪನ ಕೋವಿ ಹಿಡಿದು ಗೆದ್ದೆ, ಸಂತೋಷ. ಆಮೇಲೆ ಅದನ್ನು ಹಾಗೇ ಗೋಡೆಗೆ ನೇತುಹಾಕಿ ಬಸ್ಸು ಹತ್ತಿದೆಯಲ್ಲ, ನಾಚಿಕೆಯಾಗಲಿಲ್ಲವೇ? ಹಿತ್ತಾಳೆಯ ಪಟ್ಟಿಯನ್ನು ಮಾತ್ರ ಫಳಫಳ ಉಜ್ಜಿಟ್ಟಿದ್ದೀಯ. ಮೇಲೆ ಥಳಕು, ಒಳಗೆ ಹುಳುಕು! ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಅದು. ಒಂದೇ ಗುಂಡು ಹಾರಿಸಿದರೂ ಮದ್ದಿನ ಮಸಿ ನಳಿಗೆಯೊಳಗೆ ಕೂತು, ತೇವ ಹೀರಿ, ಕಬ್ಬಿಣವನ್ನು ತಿನ್ನುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಈ ಮನೆಯಲ್ಲಿ ಕೋವಿ ತೊಳೆಯದೆ ಯಾರೂ ಊಟಕ್ಕೆ ಕೂತವರಲ್ಲ.

ಮೊನ್ನೆ ಅಪ್ಪ ಗೋಡೆ ಹಿಡಿದುಕೊಂಡು ಹೋಗುತ್ತಿದ್ದವರು ತಟ್ಟನೆ ನಿಂತರು. ಗಂಧಕದ ಕೊಳೆತ ವಾಸನೆ ಮೂಗಿಗೆ ಬಡಿದಿತ್ತು. ಕಿರುಬೆರಳನ್ನು ನಳಿಗೆಯ ಬಾಯೊಳಗೆ ತಿರುಗಿಸಿ ನನ್ನ ಮುಂದೆ ಹಿಡಿದು, "ಕಪ್ಪೋ ಕೆಂಪೋ, ನೋಡಿ ಹೇಳಮ್ಮಾ" ಎಂದರು. ತುಕ್ಕಿನ ಕೆಂಪು. ಹೇಳಿದೆ. "ನಾನೇ ಸರಿಯಾಗಿ ಕಲಿಸ್ಲಿಲ್ಲ ಅನ್ಸುತ್ತೆ" ಎಂದು ಕೋಣೆಗೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು ಕಣೋ. ತಪ್ಪು ನಿನ್ನದು, ತಲೆ ತಗ್ಗಿಸಿದ್ದು ಅವರು!

ನಾನೇ ಕುಳಿತೆ. ಮೊದಲು ಮದ್ದು ಜಡಿಯುವ ಉದ್ದನೆಯ ಗಜಕಡ್ಡಿಯನ್ನು ನಳಿಗೆಯ ತಳದವರೆಗೆ ಇಳಿಸಿ, ಒಳಗೆ ಗುಂಡು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ನಿನ್ನನ್ನು ಅಷ್ಟಕ್ಕೂ ನಂಬುವಂತಿಲ್ಲ. ಬಿಸಿ ಸಾಬೂನು ನೀರು ಸುರಿದು, ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ತಿಕ್ಕಿದೆ. ಮಸಿ ಬಂತು, ಮತ್ತೆ ಮಸಿ, ಆಮೇಲೆ ಕೆಂಪು. ನಿನ್ನ ಮೆಚ್ಚಿನ ಚೌಕಳಿ ಶರ್ಟು ಪೂರ್ತಿ ಖರ್ಚಾಯಿತು, ನನಗೇನೂ ದುಃಖವಿಲ್ಲ. ಒಣಗಿಸಿ, ಎಣ್ಣೆ ಸವರಿ ಅಪ್ಪನ ಕೈಗಿಟ್ಟೆ. ನಳಿಗೆಯ ಬಾಯಿಯ ಹತ್ತಿರ ತುಕ್ಕು ತಿಂದ ಕುಳಿಯೊಂದು ಉಳಿದಿದೆ, ಅದು ಇನ್ನು ಹೋಗುವುದಿಲ್ಲ. ಅವರು ಅದನ್ನೇ ಸವರುತ್ತ ಕೂತಿದ್ದರು. ಅಂಥದ್ದರಲ್ಲಿ, ಮುಂದಿನ ಸ್ಪರ್ಧೆಗೆ ಕೋವಿಯನ್ನು ಗೆಳೆಯನ ಕೈಲಿ ಕಳಿಸು ಎಂದು ಬರೆದಿದ್ದೀಯಲ್ಲ, ಯಾವ ಮುಖ ಇಟ್ಟುಕೊಂಡು ಬರೆದೆ?

ಮೈ ಕಡೆ ನೋಡಿಕೋ. ಅಪ್ಪನ ಆಶೀರ್ವಾದ ಈಗಲೇ ತೆಗೆದುಕೋ, ನನ್ನದು ಸಿಟ್ಟು ಇಳಿದ ಮೇಲೆ.

ನಿನ್ನ ಅಕ್ಕ

ಮರೆತೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ: ಕೋವಿ ಬರುವುದಿಲ್ಲ. ಅಪ್ಪ ಅದನ್ನು ನನಗೆ ಕೊಟ್ಟಿದ್ದಾರೆ, ಸ್ಪರ್ಧೆಗೆ ನನ್ನ ಹೆಸರು ಕೊಟ್ಟಾಗಿದೆ. ನೀನು ತಪ್ಪದೆ ಬಾ. ಗುಂಡು ಹೊಡೆಯುವುದು ನಾನು, ಕೋವಿ ತೊಳೆಯುವುದು ನೀನು. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ, ನಿನಗೆ ಮೊದಲಿನಿಂದ ಕಲಿಸುವುದಕ್ಕೆ.