ಕಣ್ಣಳತೆಯ ಹನ್ನೆರಡು ದಿನ

ಮಾರ್ಚ್ ೧೪, ಗುರುವಾರ

ಆ ಹನ್ನೆರಡು ದಿನ ತಲೆಯಿಂದ ಹೋಗುತ್ತಿಲ್ಲ. ನೀರು ಶುದ್ಧೀಕರಣ ಘಟಕದ ರಿಜಿಸ್ಟರಿನಲ್ಲಿ ಕಳೆದ ತಿಂಗಳಿಡೀ ನೀರಿನ ಕದಡು ಒಂದೇ: ಸೊನ್ನೆ ಪಾಯಿಂಟ್ ನಾಲ್ಕು. ಅದರಲ್ಲಿ ಹನ್ನೆರಡು ದಿನ ಅದನ್ನು ಅಳೆಯುವ ಮೀಟರು ರಿಪೇರಿಗೆಂದು ನನ್ನ ಮೇಜಿನ ಮೇಲೇ ಇತ್ತು.

ಇವತ್ತು ತಪಾಸಣೆಗೆ ಹೋದಾಗ ಅಲ್ಲಿನ ಆಪರೇಟರನ್ನು ಕೇಳಿದೆ. "ಕಣ್ಣಳತೆ ಮೇಡಂ. ಇಪ್ಪತ್ತು ವರ್ಷ ಪಳಗಿದ ಕಣ್ಣು," ಅಂದ.

ಸಿಟ್ಟು ಬರಬೇಕಿತ್ತು. ಬಂಡೆ ಮೇಲೆ ಮಳೆ ಹೊಯ್ದ ಹಾಗಾಯಿತು, ಅಷ್ಟೆ. ತಪಾಸಣಾ ವರದಿಯಲ್ಲಿ ಘಟಕದ ಕೆಲಸ 'ತೃಪ್ತಿಕರ' ಅಂತ ಬರೆದು ಸಹಿ ಹಾಕಿದೆ.

ಮನೆಗೆ ಬಂದಾಗ ಅತ್ತೆ ನಲ್ಲಿ ನೀರು ಕೊಟ್ಟು, "ನೀನಿದ್ದೀಯಲ್ಲ ಅಂತ ಕುದಿಸೋದೇ ಬಿಟ್ಟಿದೀನಿ ಕಣೇ," ಅಂದರು. ಲೋಟವನ್ನು ದೀಪಕ್ಕೆ ಹಿಡಿದು ನೋಡಿದೆ. ತಿಳಿಯಾಗಿತ್ತು. ಕುಡಿದೆ.

ಎಲ್ಲರೂ ಮಲಗಿದ ಮೇಲೆ ಮಗಳ ಬಾಟಲಿಗೆ ನೀರು ಕುದಿಸಿಟ್ಟೆ. ಅತ್ತೆಯ ಚೊಂಬನ್ನು ಮುಟ್ಟಲಿಲ್ಲ. ಅದರ ನೀರು ಬೆಚ್ಚಗಿದ್ದರೆ ಯಾಕೆ ಕುದಿಸಿದೆ ಅಂತ ಕೇಳುತ್ತಾರೆ.