ಕರೆಂಟ್ ಹೋದ ಹೊತ್ತನ್ನೂ ಕೂಡಿಸಿ ಭಾಗಿಸಿದ ಸಾಹೇಬರಿಗೆ

ಕಾರ್ಖಾನೆಗಳ ಸದ್ದು ಅಳೆಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ವರದಿ ಓದಿ ನನಗೆ ಹೇಸಿಗೆಯಾಗಿದೆ. ಸಿಟ್ಟಾಗಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತಿತ್ತು, ಇದು ಇಳಿಯುತ್ತಿಲ್ಲ. ನನ್ನ ತಮ್ಮ ಆಸಿಫ ಆಲಮೇಲ ರಸ್ತೆಯ ತೊಗರಿಬೇಳೆ ಗಿರಣಿಯಲ್ಲಿ ಹನ್ನೊಂದು ವರ್ಷದಿಂದ ಯಂತ್ರ ನಡೆಸುತ್ತಾನೆ. ಕಿವಿ ಮಂದವಾಗುತ್ತಿದೆ, ಗಿರಣಿಯ ಸದ್ದು ಅಳೆಯಿರಿ ಎಂದು ನಿಮಗೆ ಅರ್ಜಿ ಕೊಟ್ಟ. ನೀವು ಬಂದಿರಿ, ಮೀಟರು ಹಿಡಿದಿರಿ. ಯಂತ್ರ ಓಡಿದ ನಾಲ್ಕು ತಾಸು ನೂರು ಡೆಸಿಬೆಲ್. ಕರೆಂಟ್ ಹೋಗಿ ಆಳುಗಳೆಲ್ಲ ಬೇವಿನ ನೆರಳಿಗೆ ಕೂತ ನಾಲ್ಕು ತಾಸು ಅರವತ್ತು. ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, "ಸರಾಸರಿ ಎಂಬತ್ತು, ಅಪಾಯವಿಲ್ಲ" ಎಂದು ಠಸ್ಸೆ ಒತ್ತಿದಿರಿ.

ಕಚೇರಿಗೆ ಬಂದು ಕೇಳಿದರೆ ನನಗೇ ಪಾಠ ಹೇಳಿದಿರಿ: "ನೀವ ಸಾಲ್ಯಾಗ ಕಲಸ್ತೀರೆಲ್ರಿ ಮೇಡಂ? ಕೂಡಸಿ ನೋಡ್ರಿ, ಲೆಕ್ಕ ಬರೋಬ್ಬರಿ ಐತಿ."

ಕಲಿಸುತ್ತೇನೆ ಸಾಹೇಬರೇ, ವಿಜ್ಞಾನವನ್ನೇ ಕಲಿಸುತ್ತೇನೆ. ಕೂಡಿಸಿ ಸಮನಾಗಿ ಹಂಚಲು ಡೆಸಿಬೆಲ್ ಎಂಬುದು ಜೋಳದ ಚೀಲವಲ್ಲ. ಮೂರು ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿಯಾಗುತ್ತದೆ. ಅರವತ್ತರ ಸದ್ದಿಗಿಂತ ನೂರರ ಸದ್ದಿನಲ್ಲಿ ಹತ್ತು ಸಾವಿರ ಪಟ್ಟು ಶಕ್ತಿ. ಕೂಡಿಸಬೇಕಾದದ್ದು ಆ ಶಕ್ತಿಯನ್ನು, ಅದು ಬಿದ್ದಷ್ಟು ಹೊತ್ತಿನಿಂದ ಗುಣಿಸಿ. ಹಾಗೆ ಮಾಡಿ ಎಂಟೂ ತಾಸಿಗೆ ಹಂಚಿದರೆ ನಿಮ್ಮದೇ ಅಂಕಿಗಳಿಂದ ಬರುವುದು ತೊಂಬತ್ತೇಳು ಡೆಸಿಬೆಲ್. ನೀವು ಬರೆದ ಎಂಬತ್ತಕ್ಕಿಂತ ಐವತ್ತು ಪಟ್ಟು ಹೆಚ್ಚು ಶಕ್ತಿ ಅದು! ಕರೆಂಟ್ ತೆಗೆಯುವವರೇ ಕಾರ್ಮಿಕರ ಕಿವಿ ಕಾಯುತ್ತಾರೆಂದಾದರೆ ನಿಮ್ಮ ಹುದ್ದೆ ಯಾರಿಗೆ ಬೇಕು?

ಗಿರಣಿಯ ಬೆಲ್ಟು ಜಾರುತ್ತಿರುವುದನ್ನು ಆಸಿಫ ಮೊದಲು ಸದ್ದಿನಿಂದಲೇ ಹೇಳುತ್ತಿದ್ದ. ಈಗ ಯಂತ್ರದ ಮೈಮೇಲೆ ಅಂಗೈ ಇಟ್ಟು ನೋಡುತ್ತಾನೆ. ಮನೆಯಲ್ಲಿ ಹೆಂಡತಿ ಅಬಿದಾ ಅವನನ್ನು ಊಟಕ್ಕೆ ಕರೆಯಬೇಕೆಂದರೆ ದೀಪ ಆರಿಸಿ ಹಚ್ಚುತ್ತಾಳೆ. ನಿಮ್ಮ ನಾಲ್ಕು ತಾಸಿನ ಮೌನದ ಲೆಕ್ಕವನ್ನು ಅವನಿಗೆ ಎರಡು ಸಲ ಕೂಗಿ ಹೇಳಿದೆ. ನಕ್ಕುಬಿಟ್ಟ.

"ಅಕ್ಕಾ, ಕರೆಂಟ್ ಹೋದ ಮ್ಯಾಲೂ ನನ್ನ ಕಿವ್ಯಾಗ ಗಿರಣಿ ತಿರಗಾಕತ್ತಿರತೈತಿ. ಅದನ್ನ ಯಾ ಮೀಟರಿನ್ಯಾಗ ಹಿಡೀತಾರ?"

ಆ ವರದಿ ಹಿಂತೆಗೆದುಕೊಳ್ಳಿ. ಶಕ್ತಿಯ ಲೆಕ್ಕ ಹಾಕಿ ಹೊಸದು ಬರೆಯಿರಿ. ಆ ಕಾಗದ ಕಾಣದೆ ಮಾಲೀಕರು ಅವನನ್ನು ಗೋದಾಮಿನ ಕೆಲಸಕ್ಕೆ ಹಾಕುವುದಿಲ್ಲ. ಯಂತ್ರದ ಮುಂದೆಯೇ ನಿಂತರೆ ಉಳಿದಿರುವಷ್ಟು ಕಿವಿಯೂ ಈ ಹಂಗಾಮು ದಾಟುವುದಿಲ್ಲ.

ಇನ್ನೊಂದು. "ವಿಚಾರಣೆಗೆ ಎರಡು ಸಲ ಫೋನ್ ಮಾಡಲಾಯಿತು, ಅರ್ಜಿದಾರರು ಎತ್ತಲಿಲ್ಲ, ಅವರಿಗೆ ಆಸಕ್ತಿ ಇಲ್ಲ" ಎಂದೂ ಬರೆದಿದ್ದೀರಿ. ಎರಡೂ ಸಲ ಫೋನು ಅವನ ಜೇಬಿನಲ್ಲೇ ಬಡಿದುಕೊಂಡಿತ್ತು ಸಾಹೇಬರೇ. ಉತ್ತರವನ್ನು ಟಪಾಲಿನಲ್ಲಿ ಕಳಿಸಿ.

ಇಂತಿ,
ಸರಾಸರಿಯ ಪಾಠವನ್ನು ಇನ್ನು ಮೇಲೆ ಹೆದರುತ್ತಲೇ ಮಾಡಬೇಕಾದ
ಸಗೀರಾ, ವಿಜ್ಞಾನ ಶಿಕ್ಷಕಿ, ಸಿಂದಗಿ