ಅಪ್ಪನ ಸೊಂಟದ ಪೆಟ್ಟಿಗೆ

ಮಾರ್ಚ್ 3, ಬೆಳಿಗ್ಗೆ
ಇವತ್ತೂ ಅಪ್ಪ ನಿಂತೇ ಟೀ ಕುಡಿದರು. ಕೂತರೆ ಬೆನ್ನಿನಿಂದ ಎಡಪಾದದವರೆಗೆ ಉರಿ. ಆಪರೇಷನ್ ಆದರೂ ಹೋಗದ ನೋವು. ಟೈಲರ್ ಕೂರಲಾರದೆ ಹೋದರೆ... ಈಗ ಬಟ್ಟೆ ಕತ್ತರಿಸುವುದಷ್ಟೇ ಅವರು, ಹೊಲಿಯುವುದು ಅಮ್ಮ.

ಮಾರ್ಚ್ 5
ಆಸ್ಪತ್ರೆಯಲ್ಲಿ ಅಪ್ಪನ ಬೆನ್ನುಹುರಿಯ ಹತ್ತಿರ ತೆಳು ತಂತಿ ಇಟ್ಟರು. ಸೊಂಟಪಟ್ಟಿಯಲ್ಲಿ ಪುಟ್ಟ ಪೆಟ್ಟಿಗೆ, ಕೈಯಲ್ಲಿ ರಿಮೋಟ್. ಸಣ್ಣ ಕರೆಂಟು ನೋವಿನ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತದಂತೆ. ಒಂದು ವಾರ ಪರೀಕ್ಷೆ. ನೋವು ಅರ್ಧಕ್ಕಿಳಿದರೆ ಚರ್ಮದೊಳಗೆ ಕಾಯಂ ಸಾಧನ. ಇಲ್ಲದಿದ್ದರೆ ತಂತಿಯನ್ನೂ ತೆಗೆದುಬಿಡುತ್ತಾರೆ.
ಅಮ್ಮ: "ಟಿವಿ ರಿಮೋಟಂತೂ ಕೊಡ್ಲಿಲ್ಲ. ಇದನ್ನಾದ್ರೂ ನನ್ನ ಕೈಗೆ ಕೊಡ್ರೀ."
ಅಪ್ಪ ನಕ್ಕರು. ಎಷ್ಟು ಕಾಲವಾಗಿತ್ತು!

ಮಾರ್ಚ್ 9
ಆಸ್ಪತ್ರೆಯಿಂದ ನರ್ಸ್ ಫೋನ್. "ಅಷ್ಟೇನೂ ವ್ಯತ್ಯಾಸ ಇಲ್ಲಮ್ಮ" ಎಂದರು ಅಪ್ಪ.

ಸಂಜೆ
ಗೊತ್ತಾಯಿತು! ಪಕ್ಕದ ಮನೆಯವರು ಬಂದಾಗ ಅಪ್ಪ ರಿಮೋಟ್ ಒತ್ತಿ ಆರಾಮಾಗಿ ಕೂತರು. ಅವರು ಹೊರಟೊಡನೆ ಆಫ್ — ಯಾರೂ ಇಲ್ಲದ ಕೋಣೆಯ ಫ್ಯಾನ್ ನಿಲ್ಲಿಸಿದ ಹಾಗೆ.
"ಯಾಕಪ್ಪಾ ಆಫ್ ಮಾಡಿದ್ರಿ?"
"ಸುಮ್ನೆ ಬ್ಯಾಟರಿ ಯಾಕೆ ಖರ್ಚು ಮಾಡೋದು? ತಡ್ಕೊಳ್ಳೋ ಅಷ್ಟು ತಡ್ಕೋತೀನಿ."
"ಒಳ್ಳೇ ಕಂಬಳಿ ನೆಂಟರಿಗೆ ಅಂತ ಎತ್ತಿಟ್ಟು, ತಾವು ನಡುಗ್ತಾ ಮಲಗೋ ವಂಶ!" ಅಮ್ಮ.
ಆನ್ ಮಾಡಿಸಿದೆ. ಈಗಲಾದರೂ...

ಮಾರ್ಚ್ 12
"ಉಪಯೋಗ ಆದ ಹಾಗಿಲ್ಲ. ತೆಗೆದುಬಿಡೋಣ," ಎಂದರು ಡಾಕ್ಟರ್, ನರ್ಸ್ ಫೋನಿನಲ್ಲಿ ಕೇಳಿ ಬರೆದುಕೊಂಡದ್ದನ್ನು ನೋಡಿ. ನಾಚಿಕೆಯಿಂದ ಅಪ್ಪನ ತಲೆ ಬಗ್ಗಿತು. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ನನ್ನ ದನಿ ಬೆಂಚು ದಾಟುತ್ತಿರಲಿಲ್ಲ. ಆದರೂ ಎದ್ದು ನಿಂತೆ.
"ಡಾಕ್ಟರ್, ಅಪ್ಪ ಅದನ್ನ ಉಳಿತಾಯ ಮಾಡ್ತಿದ್ರು."
ಎಲ್ಲ ಹೇಳಿದೆ. ಆನ್ ಇಟ್ಟ ಮೇಲೆ ಊಟಕ್ಕೆ ಕೂತವರು ಮಾತಿನ ಭರದಲ್ಲಿ ಏಳುವುದನ್ನೇ ಮರೆತದ್ದನ್ನೂ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.
"ಆನ್ ಇದ್ದಾಗ ಎಷ್ಟು ಕಡಿಮೆ ಆಗ್ತಿತ್ತು ಯಜಮಾನ್ರೇ? ನಿಜ ಹೇಳಿ."
"ಮುಕ್ಕಾಲು ಪಾಲು," ಎಂದರು ಅಪ್ಪ, ಕದ್ದು ಸಿಕ್ಕಿಬಿದ್ದವರಂತೆ.
"ಹಾಗಾದ್ರೆ ಒಳಗೇ ಕೂರಿಸೋಣ."
ಕಾರಿಡಾರಿನಲ್ಲಿ ಅಪ್ಪ ನನ್ನ ಬ್ಯಾಗನ್ನು ಅಮ್ಮನ ಕೈಗೆ ಕೊಟ್ಟು, ನನ್ನ ಕೈ ಹಿಡಿದುಕೊಂಡರು.

ಮೇ 18
ಸಾಧನ ಒಳಗಿದೆ. ನೋವು ಪೂರ್ತಿ ಹೋಗಿಲ್ಲ. ಮೂಲೆಯಲ್ಲಿ ಕೂತಿದೆ, ಮನೆ ಆಳುತ್ತಿಲ್ಲ. ಯಾರಿಗೆ ಕೈ ಮುಗಿಯಲಿ — ಆ ತಂತಿಗೋ, ಅದನ್ನಿಟ್ಟ ಕೈಗಳಿಗೋ? ಅದನ್ನೇ ಬರೆಯಬೇಕೆಂದು ಕೂತೆ. ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ.
"ಪಾರ್ಕಿನವರೆಗೆ ಬರ್ತೀಯೇನೇ? ಇಲ್ಲಾ ನಾನೊಬ್ನೇ ಹೋಗ್ಲಾ?"
ಒಬ್ಬರೇ! ಈ ಮಾತು ಕೇಳಿ ಎಷ್ಟು ವರ್ಷ... ಬಂದೆ ಅಪ್ಪಾ, ಬಂ—